ಕಿಲ್ ನಮ್ಮದು, ಗೆಲುವು ಅವರದು: ಜಗಳಕ್ಕೇ ಬಾರದ ತಂಡವನ್ನು ಮಣಿಸುವುದು ಹೇಗೆ?

ಪ್ರಶ್ನೆ: ಅಣ್ಣ, ನಾವು ಚಿಂತಾಮಣಿಯ ಐದು ಜನ ಸ್ನೇಹಿತರು. ಎರಡು ವರ್ಷದಿಂದ ಒಟ್ಟಿಗೆ ಡೋಟಾ 2 ಅನ್ನೋ ಕಂಪ್ಯೂಟರ್ ಆಟ ಆಡ್ತಿದ್ದೀವಿ. ಕೋಲಾರದ ಒಂದು ತಂಡದ ಜೊತೆ ಪ್ರತಿ ಭಾನುವಾರ ಒಂದು ಪಂದ್ಯ ಇಟ್ಕೊಂಡಿದ್ದೀವಿ. ಮೂರು ವಾರದಿಂದ ಸತತವಾಗಿ ಸೋಲು. ವಿಚಿತ್ರ ಏನಂದ್ರೆ, ಹೋದ ವಾರ ಕಿಲ್ ಲೆಕ್ಕ 34–11, ಮೇಲುಗೈ ನಮ್ಮದೇ. ಆದ್ರೂ 38ನೇ ನಿಮಿಷಕ್ಕೆ ನಮ್ಮ ಬೇಸ್ ಬಿತ್ತು. ಅವರು ಜಗಳಕ್ಕೇ ಬರಲ್ಲ. ನೇಚರ್ಸ್ ಪ್ರಾಫೆಟ್ ಒಬ್ಬ ಮೂಲೆಮೂಲೆಯಲ್ಲಿ ಕಾಣಿಸಿಕೊಳ್ತಾನೆ, ಹೋದ್ರೆ ಮಾಯ. ಅಷ್ಟರಲ್ಲಿ ಇನ್ನೊಂದು ಕಡೆ ಟವರ್ ಹೋಗಿರುತ್ತೆ. ಇದೂ ಒಂದು ಆಟನಾ? ಅವನನ್ನ ಯಾರೂ ಆಯ್ದುಕೊಳ್ಳದ ಹಾಗೆ ಬ್ಯಾನ್ ಮಾಡಿದ್ರೆ ಸಾಕಾ, ಬೇರೆ ದಾರಿ ಇದೆಯಾ? ರೀಪ್ಲೇ ನಂಬರ್ ಕಳಿಸಿದ್ದೀನಿ, ನೋಡಿ ಹೇಳಿ.

ಉತ್ತರ: ರೀಪ್ಲೇಯನ್ನು ಎರಡು ಸಲ ನೋಡಿದೆ. ಮೊದಲ ಸಲ ನಿಮ್ಮ ಕಡೆಯಿಂದ, ಎರಡನೇ ಸಲ ಅವರ ಕಡೆಯಿಂದ. ಎರಡನೇ ಸಲ ನೋಡುವಾಗ, ತಪ್ಪು ತಿಳಿಯಬೇಡಿ, ನಗು ಬಂತು. ಆ ಪ್ರಾಫೆಟ್ ತಾನು ಆಡಿದ್ದು ಕಡಿಮೆ, ನಿಮ್ಮನ್ನು ಆಡಿಸಿದ್ದೇ ಹೆಚ್ಚು.

ಆಟ ಗೊತ್ತಿಲ್ಲದೆ ಇದನ್ನು ಓದುತ್ತಿರುವವರಿಗೆ ನಾಲ್ಕು ಮಾತು. ಐದು ಜನರ ಎದುರು ಐದು ಜನ. ಪ್ರತಿಯೊಬ್ಬರೂ ಹೀರೋ ಎಂಬ ಒಂದೊಂದು ಪಾತ್ರ ಆಯ್ದುಕೊಂಡು ಆಡುತ್ತಾರೆ; ನೇಚರ್ಸ್ ಪ್ರಾಫೆಟ್ ಅಂಥ ಒಬ್ಬ ಹೀರೋ. ಎದುರಾಳಿ ಹೀರೋನನ್ನು ಒಮ್ಮೆ ಕೊಂದರೆ ಒಂದು ಕಿಲ್. ಮೈದಾನಕ್ಕೆ ಮೂರು ಹಾದಿ: ಮೇಲೆ, ನಡುವೆ, ಕೆಳಗೆ. ಪ್ರತಿ ಹಾದಿಯಲ್ಲೂ ಎರಡೂ ಕಡೆಯವರಿಗೆ ಒಂದರ ಹಿಂದೆ ಒಂದು ಟವರ್ ಎಂಬ ಕಾವಲು ಗೋಪುರ, ಕೊನೆಗೆ ಬೇಸ್‌ನಲ್ಲಿ ಏನ್ಷಿಯಂಟ್ ಎಂಬ ಕಟ್ಟಡ. ಅದು ಬಿದ್ದರೆ ಆಟ ಮುಗಿಯಿತು. 30 ಸೆಕೆಂಡಿಗೊಮ್ಮೆ ಎರಡೂ ಬೇಸ್‌ಗಳಿಂದ ಕ್ರೀಪ್ ಎಂಬ ಪುಟ್ಟ ಸೈನಿಕರ ಗುಂಪು ಹೊರಟು, ಯಾರೂ ಹೇಳದಿದ್ದರೂ ತಮ್ಮ ಹಾದಿ ಹಿಡಿದು ನಡೆಯುತ್ತದೆ. ಈ ಕೊನೆಯ ಮಾತು ನೆನಪಿರಲಿ. ನಿಮ್ಮ ಸೋಲಿನ ಗುಟ್ಟೆಲ್ಲ ಆ ಕ್ರೀಪ್‌ಗಳಲ್ಲೇ ಇದೆ.

ಮೊದಲು ನಿಮ್ಮ ಸಿಟ್ಟಿನ ಪ್ರಶ್ನೆ: ಇದೂ ಒಂದು ಆಟನಾ? ಹೌದು, ಆಟವೇ. ಹಳಬರು ಇದಕ್ಕೆ ರ‍್ಯಾಟ್ ಡೋಟಾ ಅನ್ನುತ್ತಾರೆ, ಇಲಿಯಾಟ. ಎದುರು ನಿಲ್ಲುವುದಿಲ್ಲ, ಕಣ್ಣು ತಪ್ಪಿಸಿ ಮೂಟೆ ಕೊರೆಯುತ್ತದೆ. 2013ರ ಆಗಸ್ಟ್‌ನಲ್ಲಿ ಸಿಯಾಟಲ್‌ನಲ್ಲಿ ನಡೆದ ಮೂರನೇ ಇಂಟರ್‌ನ್ಯಾಷನಲ್ ಎಂಬ ಡೋಟಾ ಟೂರ್ನಿಯನ್ನು ಸ್ವೀಡನ್ನಿನ ಅಲಯನ್ಸ್ ತಂಡ ಗೆದ್ದದ್ದು ಬಹುಮಟ್ಟಿಗೆ ಇದೇ ಆಟದಿಂದ. ಫೈನಲ್‌ನಲ್ಲಿ ನಾವಿ ತಂಡದ ಎದುರು 2–2 ಆಗಿತ್ತು. ಐದನೇ ಪಂದ್ಯದಲ್ಲಿ ಅಲಯನ್ಸ್ ತಂಡದ ಅಡ್ಮಿರಲ್‌ಬುಲ್‌ಡಾಗ್ ಇದೇ ನೇಚರ್ಸ್ ಪ್ರಾಫೆಟ್ ಹಿಡಿದು ಹಾದಿಗಳನ್ನು ತಳ್ಳುತ್ತಾ ಹೋದರು. ಬೇಸ್ ಉಳಿಸಿಕೊಳ್ಳಲು ಮನೆಗೆ ಮರಳಬೇಕೆಂದು ನಾವಿಯವರು ಟಿಪಿ (ದೂರದಿಂದ ತಮ್ಮ ಕಟ್ಟಡಕ್ಕೆ ಹಾರಿ ಬರುವ ಸ್ಕ್ರೋಲ್) ಒತ್ತಿದಾಗ, ಅಲಯನ್ಸ್ ತಂಡದವರೇ ಆದ ಎಸ್4 ಪಕ್ ಹೀರೋನ ಡ್ರೀಮ್ ಕಾಯಿಲ್ ಎಸೆದು ಅದನ್ನು ಮುರಿದರು. 14 ಲಕ್ಷ ಡಾಲರ್‌ಗೂ ಮೀರಿದ ಬಹುಮಾನ ಆ ಗಳಿಗೆಯಲ್ಲಿ ಕೈಬದಲಾಯಿತು ಎಂದು ಈಗಲೂ ಹೇಳುತ್ತಾರೆ. ಇಲಿ ಆಡುವವನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ನೀವು ಮನೆಗೆ ತಲುಪುವ ಹೊತ್ತು. ಆ ಹೊತ್ತನ್ನು ಕದಿಯುವುದೇ ಅವನ ಕಸುಬು.

ಇನ್ನು ಕೋಲಾರದವರ ಮೇಲೆ ಇದಕ್ಕೆ ಮುನಿಸಿಕೊಳ್ಳುವುದಂತೂ ಬೇಡ. ಅದೇ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ 1769ರಲ್ಲಿ ಇದನ್ನೇ ಮಾಡಿದ್ದು. ಇಂಗ್ಲಿಷರ ದಂಡನ್ನು ತನ್ನ ಹಿಂದೆ ದೂರಕ್ಕೆ ಎಳೆದುಕೊಂಡು ಹೋಗಿ, ಅವರು ಅಲ್ಲಿ ಹುಡುಕುತ್ತಿರುವಾಗ ಕುದುರೆ ದಂಡಿನೊಂದಿಗೆ ನೇರ ಮದ್ರಾಸಿನ ಬಾಗಿಲಿಗೆ ಬಂದು ನಿಂತ. ದೊಡ್ಡ ಸೈನ್ಯ ಇನ್ನೆಲ್ಲೋ ಇತ್ತು, ಬೇಸ್ ಬರಿದಾಗಿತ್ತು. ಕಂಪನಿ ಸಂಧಿಗೆ ಸಹಿ ಹಾಕಿತು.

ಈಗ ನಿಮ್ಮ ಪಂದ್ಯಕ್ಕೆ ಬರುತ್ತೇನೆ. 21ನೇ ನಿಮಿಷ 40ನೇ ಸೆಕೆಂಡಿಗೆ ರೀಪ್ಲೇ ನಿಲ್ಲಿಸಿ, ನಿಧಾನಗತಿಯಲ್ಲಿ ನೋಡಿ. ಕೆಳಗಿನ ಹಾದಿಯ ನಿಮ್ಮ ಎರಡನೇ ಟವರ್ ಹತ್ತಿರ ಪ್ರಾಫೆಟ್ ತನ್ನ ಮರದ ಗೊಂಬೆಗಳ ಜೊತೆ ಕಾಣಿಸಿಕೊಳ್ಳುತ್ತಾನೆ. ಅವನ ಕಡೆಯ ಕ್ರೀಪ್‌ಗಳು ಇನ್ನೂ ಹಿಂದೆ, ಹೊಳೆಯ ಆಚೆ ಇವೆ. ಮೈಕ್‌ನಲ್ಲಿ ಏನು ಕೂಗಾಡಿದಿರೋ ರೀಪ್ಲೇಯಲ್ಲಿ ಕೇಳಿಸುವುದಿಲ್ಲ, ಆದರೆ ನಕ್ಷೆಯಲ್ಲಿ ಕಾಣಿಸುತ್ತದೆ: ಒಂದೇ ಸೆಕೆಂಡಿನೊಳಗೆ ನಾಲ್ಕು ಪಿಂಗ್, ಅಂದರೆ 'ಇಲ್ಲಿ ನೋಡಿ' ಎಂಬ ಗುರುತು. 21:43ಕ್ಕೆ ನಿಮ್ಮ ಹೀರೋ ಬ್ರಿಸಲ್‌ಬ್ಯಾಕ್ ಟಿಪಿ ಒತ್ತುತ್ತಾನೆ. ಅವನ ಹಿಂದೆಯೇ ಲಿನಾ, ಸ್ನೈಪರ್, ಪಡ್ಜ್. ಕ್ರಿಸ್ಟಲ್ ಮೇಡನ್ ಟಿಪಿ ಇಲ್ಲದ್ದಕ್ಕೆ ಕಾಡಿನ ದಾರಿಯಲ್ಲಿ ನಡೆದೇ ಹೊರಡುತ್ತಾಳೆ. 21:45ಕ್ಕೆ ನಿಮ್ಮಲ್ಲೊಬ್ಬರು, ಕಟ್ಟಡಗಳಿಗೆ ಕೆಲವು ಸೆಕೆಂಡು ಪೆಟ್ಟು ತಾಗದಂತೆ ಮಾಡುವ ಗ್ಲಿಫ್ ಕೂಡ ಒತ್ತಿದ್ದೀರಿ.

ಬ್ರಿಸಲ್‌ಬ್ಯಾಕ್ 3 ಸೆಕೆಂಡಿನಲ್ಲಿ ಬಂದಿಳಿದ. ಒಂದೇ ಟವರ್‌ಗೆ ಒಬ್ಬರ ಹಿಂದೊಬ್ಬರು ಟಿಪಿ ಮಾಡಿದರೆ ಎರಡನೆಯವನಿಂದ ಹೆಚ್ಚು ಹೊತ್ತು ಹಿಡಿಯುತ್ತದೆ, ಮೂರನೆಯವನಿಗೆ ಇನ್ನೂ ಹೆಚ್ಚು. ಹಾಗಾಗಿ ಕೆಲವು ಸೆಕೆಂಡು ಬ್ರಿಸಲ್‌ಬ್ಯಾಕ್ ಒಬ್ಬನೇ. ಪ್ರಾಫೆಟ್ ಮಾಡಿದ್ದು ಎರಡೇ ಕೆಲಸ. ಬಂದವನ ಸುತ್ತ ಸ್ಪ್ರೌಟ್‌ನ ಮರದ ಬೇಲಿ ಎಬ್ಬಿಸಿದ. ತಾನು ಕತ್ತಲಿಗೆ ನಾಲ್ಕು ಹೆಜ್ಜೆ ಹಿಂದೆ ಸರಿದು, ತನ್ನದೇ ಟೆಲಿಪೋರ್ಟೇಷನ್ ಶುರು ಮಾಡಿದ. ಒಂದು, ಎರಡು, ಮೂರು. ಹೋದ. ಬೇಲಿ ಕಡಿಯಲು ಬ್ರಿಸಲ್‌ಬ್ಯಾಕ್ ಹತ್ತಿರ ಕ್ವೆಲಿಂಗ್ ಬ್ಲೇಡ್ ಎಂಬ ಕೊಡಲಿ ಇಲ್ಲ. ಆಟದ ಶುರುವಿನಲ್ಲಿ ಕೊಂಡಿದ್ದನ್ನು 17ನೇ ನಿಮಿಷದಲ್ಲಿ ಜಾಗ ಸಾಲದೆಂದು ಮಾರಿದ್ದಾನೆ. ಒಂದು ಟ್ಯಾಂಗೋ ಇದ್ದಿದ್ದರೂ ಒಂದು ಮರ ತಿಂದು ಹೊರಬರಬಹುದಿತ್ತು.

ಲಿನಾ, ಸ್ನೈಪರ್, ಪಡ್ಜ್ ಬಂದಿಳಿಯುವ ಹೊತ್ತಿಗೆ ಅಲ್ಲಿ ಉಳಿದಿದ್ದು ಮೂರು ಮರದ ಗೊಂಬೆ. ಅದೇ ಹೊತ್ತಿಗೆ ಮೇಲಿನ ಹಾದಿಯಲ್ಲಿ ಅವರ ಶಾಡೋ ಶಾಮನ್ ತನ್ನ ಹಾವುಗಳನ್ನು ನೆಟ್ಟ, ಡ್ರ್ಯಾಗನ್ ನೈಟ್ ಬೆಂಕಿ ಉಗುಳತೊಡಗಿದ. ನಿಮ್ಮಲ್ಲಿ ನಾಲ್ಕು ಜನರ ಟಿಪಿ ಖಾಲಿ. ಒಮ್ಮೆ ಬಳಸಿದ್ದು ಮತ್ತೆ ಕೈಗೆ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕು. 2023ರ ಏಪ್ರಿಲ್‌ನ 7.33 ಪ್ಯಾಚ್‌ನಲ್ಲಿ ನಕ್ಷೆ ಶೇ. 40ರಷ್ಟು ಹಿಗ್ಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ನಡೆದು ಹೋಗುವುದೆಂದರೆ ಸಂತೆ ಮುಗಿದ ಮೇಲೆ ಊರು ಸೇರಿದ ಹಾಗೆ. ಗ್ಲಿಫ್ ಕೂಡ ಐದು ನಿಮಿಷಕ್ಕೆ ಹೋಯಿತು. 22:50ರೊಳಗೆ ಮೇಲಿನ ಎರಡನೇ ಟವರ್, ಮೂರನೇ ಟವರ್, ಅದರ ಹಿಂದಿನ ಬ್ಯಾರಕ್ಸ್ ಎಂಬ ಸೈನಿಕರ ಮನೆ ಎಲ್ಲ ನೆಲಸಮ. ಆಮೇಲೆ ಸಿಟ್ಟಿನಲ್ಲಿ ನುಗ್ಗಿ ಅವರಲ್ಲಿ ಇಬ್ಬರನ್ನು ಕೊಂದಿರಿ. ನಿಮ್ಮ 34 ಕಿಲ್‌ನಲ್ಲಿ ಎಷ್ಟೋ ಇಂಥವು: ಕಳ್ಳ ಸಾಮಾನು ಸಾಗಿಸಿದ ಮೇಲೆ ಅವನ ಚಪ್ಪಲಿ ಹಿಡಿದುಕೊಂಡು ಬಂದ ಹಾಗೆ.

ಈ ಒಂದು ನಿಮಿಷದಲ್ಲಿ ಇರುವ ದೊಡ್ಡ ತಪ್ಪು ಯಾವುದು? ಕ್ವೆಲಿಂಗ್ ಬ್ಲೇಡ್ ಅಲ್ಲ. ನಾಲ್ಕು ಜನ ಹೋಗಿದ್ದೂ ಎರಡನೇ ತಪ್ಪು. ಮೊದಲ ತಪ್ಪು, ಅಲ್ಲಿಗೆ ಯಾರೇ ಆಗಲಿ ಹೋದದ್ದು. 21:40ರಲ್ಲಿ ಆ ಟವರ್‌ಗೆ ಅಪಾಯವೇ ಇರಲಿಲ್ಲ.

ಯಾಕೆ ಎಂದರೆ ಬ್ಯಾಕ್‌ಡೋರ್ ರಕ್ಷಣೆ. ಮೊದಲನೇ ಟವರ್ ಬಿಟ್ಟು, ಅದರ ಹಿಂದಿನ ಎಲ್ಲ ಕಟ್ಟಡಗಳಿಗೂ ಇದು ಇದೆ. ಎದುರಾಳಿಯ ಹಾದಿಯ ಕ್ರೀಪ್ ಹತ್ತಿರ ಇಲ್ಲದಿದ್ದಾಗ ಕಟ್ಟಡಕ್ಕೆ ಬೀಳುವ ಪೆಟ್ಟು ಕಡಿಮೆ, ಬಿದ್ದ ಪೆಟ್ಟೂ ಸೆಕೆಂಡ್ ಸೆಕೆಂಡಿಗೆ ತಾನೇ ಮಾಯುತ್ತದೆ. ಪ್ರಾಫೆಟ್ ಎಬ್ಬಿಸುವ ಮರದ ಗೊಂಬೆಗಳು ಹಾದಿಯ ಕ್ರೀಪ್ ಅಲ್ಲ, ಅವು ಈ ರಕ್ಷಣೆಯನ್ನು ಮುರಿಯಲಾರವು. ನಿಮ್ಮ ಟವರ್‌ನ ಹಸಿರು ಪಟ್ಟಿ ಸ್ವಲ್ಪ ಇಳಿದಂತೆ ಕಂಡಿತು, ಎಲ್ಲರ ಜೀವ ಬಾಯಿಗೆ ಬಂತು, ಅಷ್ಟೇ. ಅವನನ್ನು ಹಾಗೇ ಬಿಟ್ಟಿದ್ದರೆ ಇನ್ನೂ ಅಲ್ಲೇ ಕುಟ್ಟುತ್ತಿರುತ್ತಿದ್ದ. ಅಂದರೆ ಅವನಿಗೆ ನಿಜವಾಗಿ ಬೇಕಿರುವುದು ಅವನ ಕ್ರೀಪ್‌ಗಳು. ಕ್ರೀಪ್‌ಗಳ ಗುಂಪು ಟವರ್ ಮುಟ್ಟಿದರೆ ಮಾತ್ರ ಇಲಿಗೆ ಹಲ್ಲು ಬರುತ್ತದೆ.

ಆದ್ದರಿಂದ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಪ್ರಾಫೆಟ್‌ನನ್ನು ಅಟ್ಟಬೇಡಿ, ಅವನ ಕ್ರೀಪ್‌ಗಳನ್ನು ಕೊಲ್ಲಿ. ಅದಕ್ಕೆ ಒಬ್ಬರು ಸಾಕು. ಮಿಕ್ಕ ನಾಲ್ಕು ಜನ ಅವನು ಇಲ್ಲದ ಕಡೆ ಹೋಗಿ.

ಪಾವಗಡದ ಕಡೆ ನಮ್ಮ ಸೋದರಮಾವನ ಕಡ್ಲೆಕಾಯಿ ಹೊಲ ಇದೆ. ಬಲಿತ ಕಾಲಕ್ಕೆ ರಾತ್ರಿ ಹಂದಿ ಕಾಟ. ಹುಡುಗರಾಗಿದ್ದಾಗ ನಾವು ಅಟ್ಟಣೆ ಮೇಲೆ ಕೂತು, ಎಲ್ಲಿ ಸದ್ದಾದರೂ ಟಾರ್ಚ್ ಹಿಡಿದು ತಗಡು ಬಡಿಯುತ್ತಾ ಅತ್ತ ಓಡುತ್ತಿದ್ದೆವು. ಬೆಳಿಗ್ಗೆ ನೋಡಿದರೆ ಇತ್ತ ಕಡೆ ನಾಲ್ಕು ಸಾಲು ಅಗೆದು ಹಾಕಿರುತ್ತಿದ್ದವು. ಮಾವ ಬೈಯಲಿಲ್ಲ. "ಅದರ ಹಿಂದೆ ಓಡಿದ್ರೆ ನಿಮ್ಮ ಕಾಲೇ ನೋಯೋದು ಕಣ್ರೋ. ಅದು ಬರೋದು ಬೇಲಿ ಗಂಡೀಲಿ. ಇರೋವೇ ಎರಡು ಗಂಡಿ. ಒಬ್ಬೊಬ್ಬ ಒಂದೊಂದು ಗಂಡಿ ಕಾಯ್ರಿ, ಮಿಕ್ಕೋರು ಮಲಗ್ರಿ" ಅಂದರು. ಡೋಟಾದಲ್ಲಿ ಬೇಲಿ ಗಂಡಿ ಎಂದರೆ ನಿಮ್ಮ ಕ್ರೀಪ್ ಅವರ ಕ್ರೀಪ್ ಸಂಧಿಸುವ ಜಾಗ. ಅದು ನಿಮ್ಮ ಟವರ್‌ನಿಂದ ದೂರ ಇದ್ದಷ್ಟೂ ನಿಮಗೆ ನಿದ್ದೆ.

ನಿಮ್ಮ ಹತ್ತಿರ ಔಷಧಿ ಮೊದಲೇ ಇತ್ತು ಎನ್ನುವುದೇ ಬೇಜಾರು. ಲಿನಾ ಒಂದು ಡ್ರ್ಯಾಗನ್ ಸ್ಲೇವ್, ಒಂದು ಲೈಟ್ ಸ್ಟ್ರೈಕ್ ಅರೇ ಹಾಕಿದರೆ ಕ್ರೀಪ್ ಗುಂಪು ಬಹುಪಾಲು ಮುಗಿಯುತ್ತದೆ. ಸ್ನೈಪರ್ ಶ್ರಾಪ್‌ನೆಲ್ ಸುರಿದು ಟವರ್ ಹಿಂದೆಯೇ ನಿಂತು ಬಾಚಿಕೊಳ್ಳಬಹುದು. ಈ ಇಬ್ಬರಲ್ಲಿ ಒಬ್ಬರನ್ನು, ನನ್ನನ್ನು ಕೇಳಿದರೆ ಲಿನಾಳನ್ನು, ಕಾವಲಿಗೆ ಬಿಡಬೇಕಿತ್ತು. ಕಾವಲು ಎಂದರೆ ಒಂದೇ ಟವರ್‌ಗೆ ಗೂಟ ಹೊಡೆದ ಹಾಗೆ ನಿಲ್ಲುವುದಲ್ಲ. ಪ್ರಾಫೆಟ್ ಕಾಣಿಸಿದ ಹಾದಿಯ ಕ್ರೀಪ್ ಟವರ್ ಹತ್ತಿರ ಬರುವವರೆಗೂ ಕಾದು, ಬಂದಾಗ ಮಾತ್ರ ಹೋಗಿ, ಎರಡು ಏಟಿಗೆ ಮುಗಿಸಿ, ಮತ್ತೆ ನಡುಹಾದಿಗೆ ಬರುವುದು. ಟಿಪಿ ಒತ್ತುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕ್ರೀಪ್ ಎಲ್ಲಿವೆ? 'ಪ್ರಾಫೆಟ್ ಎಲ್ಲಿದ್ದಾನೆ' ಎಂದು ಕೇಳಿದಿರೋ, ಅವನ ಬಲೆಗೆ ಬಿದ್ದಿರಿ.

ಆಗ ಮಿಕ್ಕ ನಾಲ್ವರು? ಇಲ್ಲಿಂದ ಆಟ ರುಚಿಯಾಗುವುದು.

ವಿಚಿತ್ರ ತಂತ್ರ ಎದುರಾದಾಗಲೆಲ್ಲ ನಾನು ನೋಡುವುದು, ಇವನು ಇದಕ್ಕಾಗಿ ಏನು ಬಿಟ್ಟುಕೊಟ್ಟಿದ್ದಾನೆ ಅಂತ. 2019ರಲ್ಲಿ ಶಾಂಘೈನಲ್ಲಿ ಅದೇ ಇಂಟರ್‌ನ್ಯಾಷನಲ್ ಟೂರ್ನಿಯಲ್ಲಿ ಓಜಿ ತಂಡದ ಆನಾ, ಎಲ್ಲರೂ ಸಪೋರ್ಟ್ (ಇತರರಿಗೆ ನೆರವಾಗುವ ಪಾತ್ರ) ಎಂದುಕೊಂಡಿದ್ದ ಐಓ ಹೀರೋನನ್ನೇ ಕ್ಯಾರಿ (ತಂಡದ ಮುಖ್ಯ ಹೊಡೆತಗಾರ) ಮಾಡಿ ಆಡಿದಾಗ ಎದುರಾಳಿಗಳು ಅದಕ್ಕೆ ಹಳೆಯ ಉತ್ತರಗಳನ್ನೇ ಕೊಡುತ್ತಾ ಹೋದರು, ಓಜಿ ಸತತ ಎರಡನೇ ವರ್ಷ ಕಪ್ ಎತ್ತಿತು. ನಿಮ್ಮ ಕೋಲಾರದವರು ಬಿಟ್ಟುಕೊಟ್ಟಿರುವುದು ಒಂದು ತಲೆ. ಪ್ರಾಫೆಟ್ ಕೆಳಗಿನ ಮೂಲೆಯಲ್ಲಿ ಕಂಡನೆಂದರೆ ಮಿಕ್ಕ ನಕ್ಷೆಯಲ್ಲಿ ಅವರು ನಾಲ್ಕೇ ಜನ. ಅವನು ಈಗಷ್ಟೇ ಟೆಲಿಪೋರ್ಟ್ ಮಾಡಿ ಬಂದಿದ್ದರೆ, ಮತ್ತೆ ಹಾರಲು ಕಾಯುವ ಹೊತ್ತು, ಅಂದರೆ ಕೂಲ್‌ಡೌನ್ ಮುಗಿಯಬೇಕು. ಆ ಸಂದಿನಲ್ಲಿ ನೀವು ನಾಲ್ವರು ಕೂಡಿ ಏನನ್ನಾದರೂ ಬಲವಂತವಾಗಿ ಕಿತ್ತುಕೊಳ್ಳಿ.

ಕಿತ್ತುಕೊಳ್ಳಲು ಅತ್ಯುತ್ತಮವಾದದ್ದು ರೋಷನ್ ಎಂಬ ಗುಹೆಯ ದೈತ್ಯ. ಅದನ್ನು ಕೊಂದರೆ ಸಿಗುವ ಏಜಿಸ್ 5 ನಿಮಿಷ ಇರುತ್ತದೆ, ಹಿಡಿದವನು ಸತ್ತರೂ ಎದ್ದು ಬರುತ್ತಾನೆ. 34 ಕಿಲ್ ಮಾಡಿದ ತಂಡಕ್ಕೆ ದುಡ್ಡಿಗೆ ಬರವಿರಲಿಲ್ಲ, ಬಲಕ್ಕೂ ಬರವಿರಲಿಲ್ಲ, ಆದರೆ ಇಡೀ ಪಂದ್ಯದಲ್ಲಿ ನೀವು ರೋಷನ್ ಹತ್ತಿರ ಹೋಗಿದ್ದು ಒಂದೇ ಸಲ, ಅದೂ 31ನೇ ನಿಮಿಷದಲ್ಲಿ. ಪ್ರಾಫೆಟ್ ಮೂಲೆ ಸೇರಿದ ಪ್ರತಿ ಸಲವೂ ಅದು ನಿಮಗೆ ಕೊಟ್ಟ ಕರೆಯೋಲೆ. ಏಜಿಸ್ ಕೈಗೆ ಬಂದ ಮೇಲೆ ನಡುಹಾದಿಯಲ್ಲಿ ಒಟ್ಟಾಗಿ ನಡೆಯಿರಿ. ನಡುಹಾದಿ ಯಾಕೆಂದರೆ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಒಂದೇ ದೂರ, ನಿಮ್ಮ ಮನೆಗೂ ಹತ್ತಿರ. ನೀವು ಅವರ ಬೇಸ್ ಬಾಗಿಲಲ್ಲಿ ನಿಂತಾಗ ಪ್ರಾಫೆಟ್‌ಗೆ ಎರಡೇ ದಾರಿ. ಬಂದು ಕಾಯಬೇಕು, ಇಲ್ಲವೇ ಟವರ್‌ಗೆ ಟವರ್ ಎಂದು ಪಣ ಕಟ್ಟಬೇಕು. ಬಂದರೆ ಅವನು ಆ ಹೊತ್ತಿಗೆ ಕಳ್ಳ ಅಲ್ಲ, ಕಾವಲುಗಾರ. ಜಗಳದಲ್ಲಿ ಅವನು ಅಂಥ ಗಟ್ಟಿಗನೇನಲ್ಲ. ಬರದಿದ್ದರೆ ಅವನ ಒಬ್ಬನ ಕುಟ್ಟಾಟಕ್ಕಿಂತ ನಿಮ್ಮ ನಾಲ್ವರ ಕುಟ್ಟಾಟ ಬೇಗ ಮುಗಿಯುತ್ತದೆ, ಮನೆಯಲ್ಲಿ ಲಿನಾ ಇದ್ದರಂತೂ ಅನುಮಾನವೇ ಇಲ್ಲ.

ಇದರಲ್ಲಿ ಒಂದು ಎಡವಟ್ಟು ಇದೆ, ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಜನ ಹೋದಾಗ ಅವರ ನಾಲ್ವರು ಜಗಳ ತಪ್ಪಿಸಿ ಹಿಂದೆ ಸರಿಯುತ್ತಾರೆ. ನೀವು ಅಟ್ಟಿಸಿಕೊಂಡು ಕಾಡಿಗೆ ನುಗ್ಗುತ್ತೀರಿ. ರೀಪ್ಲೇಯಲ್ಲಿ ಆರು ಸಲ ಹಾಗೆ ಆಯಿತು. ಓಡುವವನನ್ನು ಬಿಡಿ. ಟವರ್ ಕಾಲು ಕಿತ್ತು ಓಡುವುದಿಲ್ಲವಲ್ಲ, ಅದನ್ನು ಹೊಡೆಯಿರಿ. ನಿಮ್ಮ ಪಡ್ಜ್ ಆಡುವ ಹುಡುಗನಿಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಕೊಡಿ. ಅವನ ಕೊಕ್ಕೆ ಚೆನ್ನಾಗಿದೆ, ಒಪ್ಪಿದೆ. ಆದರೆ ಕೊಕ್ಕೆ ಎಸೆಯುವ ಆಸೆಗೆ ಅವನು ಇಡೀ ತಂಡವನ್ನೇ ತನ್ನ ಹಿಂದೆ ಕಾಡಿಗೆ ಎಳೆಯುತ್ತಾನೆ.

ಪ್ರಾಫೆಟ್‌ನನ್ನು ಕೊಲ್ಲಲೇಬಾರದೇ? ಕೊಲ್ಲಬಹುದು. ಆದರೆ ಅಟ್ಟಿ ಅಲ್ಲ, ಕಾದು. ನಿಮ್ಮ ಪಂದ್ಯದಲ್ಲಿ 10ನೇ ನಿಮಿಷದಿಂದ 30ರವರೆಗೆ ಎಣಿಸಿದೆ: ಅವನಿಗಾಗಿ ನೀವೆಲ್ಲ ಸೇರಿ ಸುಟ್ಟ ಟಿಪಿ 22, ಅವನು ಸತ್ತದ್ದು ಎರಡು ಸಲ. ಬೆಟ್ಟ ಅಗೆದು ಇಲಿ ಹಿಡಿಯುವುದು ಎಂದರೆ ಇದೇ. ಆ ಎರಡು ಸಾವೂ ಹೇಗಾದವು ನೋಡಿ, ಎರಡೂ ಸಲ ಕ್ರಿಸ್ಟಲ್ ಮೇಡನ್ ಮೊದಲೇ ಆ ಕಾಡಿನಲ್ಲಿ ವಾರ್ಡ್ (ಸುತ್ತಲಿನ ಜಾಗವನ್ನು ತಂಡಕ್ಕೆ ಕಾಣಿಸುವ ಗೂಟ) ಇಡಲು ಹೋಗಿದ್ದಳು. ಅವಳು ಬರುವುದು ಅವನಿಗೆ ಕಾಣಲಿಲ್ಲ. ಹಾದಿ ನಿಮ್ಮ ಕಡೆಗೆ ತಳ್ಳಿಕೊಂಡಿದ್ದರೆ ಅವನು ಬರುವ ಜಾಗ ಗೊತ್ತೇ ಇರುತ್ತದೆ. ಅದರ ಪಕ್ಕದ ಮರಗಳ ನಡುವೆ ಅಬ್ಸರ್ವರ್ ವಾರ್ಡ್ ಇಡಿ, 6 ನಿಮಿಷ ಇರುತ್ತದೆ. 7.33ರಲ್ಲಿ ಬಂದ ಎರಡು ಮೂಲೆಗಳ ಜೋಡಿ ದ್ವಾರಗಳ ಬಾಯಲ್ಲೂ ಒಂದು ಇಡಿ, ನಡೆದು ಬರುವ ಇಲಿಗೆ ಅದೂ ಒಂದು ಬಿಲ. ಎದುರಾಳಿಗೆ ಕಾಣದಂತೆ ಮಾಡುವ ಸ್ಮೋಕ್ ಹಾಕಿಕೊಂಡು ಇಬ್ಬರು ಹೋಗಿ ಮರದ ಹಿಂದೆ ನಿಂತರೆ ಸಾಕು. ಅವನೇ ಬರುತ್ತಾನೆ.

ಬಂದಾಗ ಕೈಯಲ್ಲಿ ಏನಿರಬೇಕು ಎನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ, ತುಂಬ ಜನ ಇಲ್ಲೇ ಎಡವುತ್ತಾರೆ. ಆರ್ಕಿಡ್ ಎಂಬ ವಸ್ತು ತಗೊಂಡರೆ ಅವನ ಬಾಯಿ ಕಟ್ಟುತ್ತದೆ (ಸೈಲೆನ್ಸ್), ಅಂದರೆ ಅವನ ಸ್ವಂತ ಟೆಲಿಪೋರ್ಟೇಷನ್ ನಿಲ್ಲುತ್ತದೆ, ಸ್ಪ್ರೌಟ್ ಕೂಡ. ಆದರೆ ಸೈಲೆನ್ಸ್ ವಸ್ತುಗಳನ್ನು ತಡೆಯುವುದಿಲ್ಲ. ಜೇಬಿನಲ್ಲಿರುವ ಟಿಪಿ ಸ್ಕ್ರೋಲ್ ಅವನು ಆಗಲೂ ಒತ್ತಬಲ್ಲ, 3 ಸೆಕೆಂಡು ಸಿಕ್ಕರೆ ಮನೆಗೆ ಹೋಗುತ್ತಾನೆ. ಹಾಗಾಗಿ ಆರ್ಕಿಡ್ ಜೊತೆಗೆ ಸ್ಟನ್ (ಎದುರಾಳಿಯನ್ನು ಕ್ಷಣಕಾಲ ಅಲುಗದಂತೆ ಮಾಡುವ ಏಟು) ಒಂದು ಇರಲೇಬೇಕು, ಅದನ್ನು ಮೊದಲೇ ಎಸೆಯದೆ ಅವನು ಸ್ಕ್ರೋಲ್ ಒತ್ತುವವರೆಗೂ ಉಳಿಸಿಕೊಳ್ಳಬೇಕು. ಸೈತ್ ಆಫ್ ವೈಸ್ ಎಂಬ ವಸ್ತು ಇದ್ದರೆ ಎರಡನ್ನೂ ಒಟ್ಟಿಗೆ ಕಟ್ಟುತ್ತದೆ, ಆದರೆ ಅದು ದುಬಾರಿ, ನಿಮ್ಮ ಸಪೋರ್ಟ್‌ಗಳಿಗೆ ಅಷ್ಟು ದುಡ್ಡು ಬರುವ ಹೊತ್ತಿಗೆ ಪಂದ್ಯ ಒಂದು ಕಡೆ ಆಗಿರುತ್ತದೆ. ಆ ಕ್ವೆಲಿಂಗ್ ಬ್ಲೇಡ್ ಮಾತ್ರ ಯಾರಾದರೂ ಒಬ್ಬರ ಚೀಲದಲ್ಲಿ ಕೊನೆತನಕ ಇರಲಿ. ಅಷ್ಟು ಅಗ್ಗದ್ದು ಇನ್ನೊಂದಿಲ್ಲ.

2014ರಲ್ಲಿ ತುಮಕೂರಿನ ಒಂದು ಸೈಬರ್ ಸೆಂಟರ್‌ನಲ್ಲಿ ನಮಗೂ ಇದೇ ಗತಿಯಾಗಿತ್ತು. ಐದು ಜನ ಕೂಡಿ ಒಬ್ಬ ಪ್ರಾಫೆಟ್‌ನನ್ನು ಸುತ್ತುವರಿದೆವು, ಅವನು ತನ್ನ ಸುತ್ತಲೇ ಮರ ಎಬ್ಬಿಸಿಕೊಂಡು ಒಳಗೆ ನಿಂತ. ಐವರಲ್ಲಿ ಒಬ್ಬರ ಹತ್ತಿರವೂ ಕೊಡಲಿ ಇಲ್ಲ. ಮರದ ಸುತ್ತ ಕಾಮನ ಹುಣ್ಣಿಮೆಯ ಬೆಂಕಿ ಸುತ್ತಿದ ಹಾಗೆ ಸುತ್ತಿದೆವು. ಒಳಗಿಂದ ಹಸಿರು ಬೆಳಕು ಬಂತು, ಹೋದ. ಹಿಂದಿನ ಸಾಲಿನಲ್ಲಿ ಪ್ರಿಂಟ್ ತೆಗೆಸಿಕೊಳ್ಳಲು ಬಂದವರೂ ನಕ್ಕರು.

ಈಗ ಬ್ಯಾನ್ ವಿಷಯ. ಎರಡೂ ತಂಡದ ನಾಯಕರೇ ಹೀರೋಗಳನ್ನು ಆರಿಸುವ ಕ್ಯಾಪ್ಟನ್ಸ್ ಮೋಡ್‌ನಲ್ಲಿ ಪ್ರಾಫೆಟ್‌ನನ್ನು ಬ್ಯಾನ್ ಮಾಡುವುದು ಸುಲಭ. ಫೈನಲ್ ಪಂದ್ಯ, ಬಹುಮಾನ ಇದೆ ಎಂದಾದರೆ ನಾನೂ ಮಾಡುತ್ತೇನೆ, ಅದರಲ್ಲಿ ನಾಚಿಕೆ ಇಲ್ಲ. ಆದರೆ ಭಾನುವಾರದ ಸ್ನೇಹದ ಪಂದ್ಯದಲ್ಲಿ ಬೇಡ. ಅವರು ಕಲಿತಿರುವುದು ಒಬ್ಬ ಹೀರೋನನ್ನಲ್ಲ, ಒಂದು ನಡೆಯನ್ನು. ಪ್ರಾಫೆಟ್ ಹೋದರೆ ಲೈಕನ್ ಬರುತ್ತಾನೆ, ಅವನು ಹೋದರೆ ಕರಡಿ ಹಿಡಿದುಕೊಂಡು ಲೋನ್ ಡ್ರೂಯಿಡ್ ಬರುತ್ತಾನೆ. ಅದೂ ಅಲ್ಲದೆ 25–30 ನಿಮಿಷ ದಾಟಿದ ಮೇಲೆ ಬೂಟ್ಸ್ ಆಫ್ ಟ್ರಾವೆಲ್ ಹಾಕಿಕೊಂಡ ಯಾರೇ ಆದರೂ ಅರ್ಧ ಪ್ರಾಫೆಟ್ ಇದ್ದ ಹಾಗೆ, ಟವರ್ ಇಲ್ಲದಿದ್ದರೂ ಕ್ರೀಪ್ ಮೇಲೇ ಬಂದು ಇಳಿಯುತ್ತಾರೆ.

ಬ್ಯಾನ್‌ಗಿಂತ ನಿಮ್ಮ ಆಯ್ಕೆ ಬದಲಾಗಲಿ. ಸ್ನೈಪರ್, ಪಡ್ಜ್, ಬ್ರಿಸಲ್‌ಬ್ಯಾಕ್, ಕ್ರಿಸ್ಟಲ್ ಮೇಡನ್ ನಾಲ್ವರೂ ಎದುರು ನಿಂತು ಹೊಡೆದಾಡುವವರು, ನಾಲ್ವರೂ ನಿಧಾನ. ಬ್ರಿಸಲ್‌ಬ್ಯಾಕ್ ಜಾಗದಲ್ಲಿ ಸ್ಪಿರಿಟ್ ಬ್ರೇಕರ್ ಇದ್ದಿದ್ದರೆ ಈ ಪತ್ರವನ್ನೇ ನೀವು ಬರೆಯುತ್ತಿರಲಿಲ್ಲವೇನೋ. ಅವನ ಚಾರ್ಜ್ ನಕ್ಷೆಯ ಯಾವ ಮೂಲೆಯಿಂದಲೂ ಶುರುವಾಗುತ್ತದೆ, ಬಂದು ಗುದ್ದಿದಾಗ ಸ್ಟನ್ ಆಗುತ್ತದೆ, ಟಿಪಿ ಖರ್ಚಿಲ್ಲ. ಪ್ರಾಫೆಟ್ ಒಂದು ಕ್ಷಣ ಕಂಡರೆ ಸಾಕು, ಗೂಳಿ ಹೊರಡುತ್ತದೆ. ಒಮ್ಮೆ ಹೊರಟಿತು ಎಂದರೆ ಅವನು ಅರ್ಧಕ್ಕೇ ಕೆಲಸ ಬಿಟ್ಟು ಏಳುತ್ತಾನೆ, ಕೊಲ್ಲದಿದ್ದರೂ ನಿಮ್ಮ ಕೆಲಸ ಆಯಿತು. ಕ್ಲಾಕ್‌ವರ್ಕ್‌ನ ರಾಕೆಟ್ ನಕ್ಷೆಯಲ್ಲಿ ಎಲ್ಲಿಗೆ ಬೇಕಾದರೂ ಹೋಗಿ ಬಿದ್ದು ಕತ್ತಲು ಬಿಡಿಸುತ್ತದೆ, ಅದೂ ಒಳ್ಳೆಯದೇ. ಜೂಸ್ (Zeus) ಎಂಬ ಹೀರೋ ಇದ್ದರೆ ಅವನ ಗುಡುಗು ಎಲ್ಲಿದ್ದರೂ ಹೊಡೆಯುತ್ತದೆ, ಆದರೆ ನಿಮ್ಮಲ್ಲಿ ನಡುಹಾದಿ ಆಡುವವರ ಕೈ ಲಿನಾಗೆ ಕೂತಿದೆ. ಅದನ್ನು ಕೆಡಿಸಬೇಡಿ.

ಮೊದಲ 12–15 ನಿಮಿಷದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಆಗ ಅವನ ಹತ್ತಿರ ದುಡ್ಡಿಲ್ಲ, ಮೊದಲ ಟವರ್‌ಗಳು ಬೀಳುವುದು ಎಲ್ಲ ಪಂದ್ಯದಲ್ಲೂ ಇದ್ದದ್ದೇ.

ಕೊನೆಯ ಘಟ್ಟದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. 30 ದಾಟಿದ ಮೇಲೆ ಬೈಬ್ಯಾಕ್ ದುಡ್ಡು (ಸತ್ತ ಹೀರೋನನ್ನು ತಕ್ಷಣ ಎಬ್ಬಿಸಿಕೊಳ್ಳುವ ಬೆಲೆ) ಕೈಯಲ್ಲಿ ಇಲ್ಲದೆ ನಿಮ್ಮ ಕಾವಲಿನವರು ಬೇಸ್ ಬಿಟ್ಟು ಹೊರಗೆ ಹೋಗಬಾರದು. ಒಮ್ಮೆ ಬೈಬ್ಯಾಕ್ ಮಾಡಿದರೆ ಮತ್ತೆ 8 ನಿಮಿಷ ಅದು ಇಲ್ಲ. ನಿಮ್ಮ 38ನೇ ನಿಮಿಷದ ಸೋಲು ಆದದ್ದು ಹೀಗೇ. 36ರಲ್ಲಿ ನೀವು ಜಗಳ ಗೆದ್ದಿರಿ, ಮೂವರನ್ನು ಕೊಂದಿರಿ, ಸ್ನೈಪರ್ ಸತ್ತು ಬೈಬ್ಯಾಕ್ ಮಾಡಿ ಬಂದು ಇನ್ನೊಬ್ಬನನ್ನು ಕೊಂದ. ಖುಷಿಯಲ್ಲಿ ಎಲ್ಲರೂ ಅವರ ಬೇಸ್‌ಗೆ ನಡೆದರು. ಆ ಹೊತ್ತಿಗೆ ಪ್ರಾಫೆಟ್ ನಿಮ್ಮ ಮನೆಯಲ್ಲಿದ್ದ. ಈ ಸಲ ಕ್ರೀಪ್‌ಗಳನ್ನೂ ಕರೆದುಕೊಂಡೇ ಬಂದಿದ್ದ, ನಿಮ್ಮ ಬ್ಯಾರಕ್ಸ್ ಹೋದದ್ದರಿಂದ ಆ ಹಾದಿಯಲ್ಲಿ ಬಲಿತ ದಪ್ಪ ಕ್ರೀಪ್‌ಗಳು.

ಮಾತಿನ ವಿಷಯ ಒಂದಿಷ್ಟು. ಐವರೂ ಒಟ್ಟಿಗೆ ಮೈಕ್‌ನಲ್ಲಿ ಕೂಗಬೇಡಿ. ಪ್ರಾಫೆಟ್ ಕಂಡರೆ ಕಂಡವರು ಒಬ್ಬರೇ ಹೇಳಲಿ, ಎರಡೇ ಪದ: ಜಾಗ, ಕ್ರೀಪ್. "ಕೆಳಗೆ, ಕ್ರೀಪಿಲ್ಲ" ಎಂದರೆ ಯಾರೂ ಅಲುಗಾಡಬಾರದು. "ಮೇಲೆ, ಕ್ರೀಪಿದೆ" ಎಂದರೆ ಲಿನಾ ಮಾತ್ರ. ಟಿಪಿ ಒತ್ತುವವರು "ನಾನು" ಅನ್ನಬೇಕು, ಒಬ್ಬರು ಅಂದ ಮೇಲೆ ಮತ್ತೊಬ್ಬರ ಬೆರಳು ಆ ಕೀ ಮೇಲೆ ಹೋಗಬಾರದು. ನಮ್ಮ ತಂಡದಲ್ಲಿ ಎರಡನೆಯವನಾಗಿ ಟಿಪಿ ಒತ್ತಿದವನು ಆವತ್ತಿನ ಟೀ ದುಡ್ಡು ಕೊಡಬೇಕಿತ್ತು. ಎರಡೇ ವಾರದಲ್ಲಿ ಎಲ್ಲರಿಗೂ ಬುದ್ಧಿ ಬಂತು, ಒಬ್ಬನಿಗೆ ಬಿಟ್ಟು. ಅವನಿಂದ ಈಗಲೂ ಟೀ ಬರುತ್ತಿದೆ.

ಬರುವ ಭಾನುವಾರಕ್ಕೆ ಮುಂಚೆ ನಿಮ್ಮಲ್ಲೇ ಒಂದು ಅಭ್ಯಾಸ ಮಾಡಿ. ಖಾಸಗಿ ಲಾಬಿ ತೆರೆದು, ನಿಮ್ಮ ಸ್ನೈಪರ್ ಆಡುವವರಿಗೆ ಪ್ರಾಫೆಟ್ ಕೊಡಿ, ಮಿಕ್ಕ ನಾಲ್ವರು ಎದುರು ನಿಲ್ಲಿ. 20 ನಿಮಿಷ. ಅವರ ಕೆಲಸ ಟವರ್ ಕೆಡವುವುದು, ನಿಮ್ಮದು ಆದಷ್ಟು ಕಡಿಮೆ ಟಿಪಿಯಲ್ಲಿ ಉಳಿಸಿಕೊಳ್ಳುವುದು. ಪ್ರತಿ ಟಿಪಿಗೂ ಒಂದು ಗೆರೆ ಹಾಕಿ. ಮುಗಿದ ಮೇಲೆ ಜಾಗ ಬದಲಾಯಿಸಿ ಮತ್ತೆ ಆಡಿ. ಐವರೂ ಒಂದೊಂದು ಸಲ ಇಲಿ ಆಗಿ.

ನಾನೂ ತುಮಕೂರಿನ ಆ ಸೋಲಾದ ಮೇಲೆ ಒಂದು ತಿಂಗಳು ಬರೀ ಪ್ರಾಫೆಟ್ ಆಡಿದೆ. ಐದು ಜನ ಟಿಪಿ ಮಾಡಿಕೊಂಡು ನನ್ನ ಮೇಲೆ ಬಿದ್ದಾಗ ಎದೆ ಢವಗುಟ್ಟಲಿಲ್ಲ, ಸಂತೋಷವೇ ಆಗುತ್ತಿತ್ತು. ಒಂದು ಪಂದ್ಯದಲ್ಲಿ ಮಾತ್ರ ಎದುರು ತಂಡದವರು ಬರಲಿಲ್ಲ. ಟವರ್ ಪಕ್ಕ ಒಬ್ಬಳೇ ಲಿನಾ, ನನ್ನ ಕಡೆ ತಿರುಗಿಯೂ ನೋಡದೆ ಕ್ರೀಪ್ ಬಂದಾಗ ಬೆಂಕಿ ಹಾಕುತ್ತಿದ್ದಳು, ಮತ್ತೆ ಹಿಂದೆ ಸರಿಯುತ್ತಿದ್ದಳು. ಮಿಕ್ಕ ನಾಲ್ವರು ನಕ್ಷೆಯಲ್ಲಿ ಎಲ್ಲೂ ಇಲ್ಲ. ರೋಷನ್ ಗುಹೆ ಕಡೆ ನಮ್ಮ ವಾರ್ಡ್ ಇರಲಿಲ್ಲ. ಮರಗಳ ನಡುವೆ ನಿಂತು, ಮುಂದಕ್ಕೆ ಹೋಗಲೋ ಮನೆಗೆ ಹಾರಲೋ ತಿಳಿಯದೆ, ಮುಕ್ಕಾಲು ನಿಮಿಷ ಸುಮ್ಮನೆ ಮೌಸ್ ಒತ್ತುತ್ತಾ ಇದ್ದೆ.